ನಾಯಿ ಸಾಕುವವರ ಹೊಣೆ



ಕನ್ನಡನಾಡಿಗೂ ನಾಯಿಗೂ ಇರುವ ನಂಟು ಬಹಳ ಹಳೆಯದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಶಿಲಾಶಾಸನವುಂಟು. ಅದು ಕ್ರಿ. ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನೆಂಬ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಮುಂದೆ ಆ ನಾಯಿ ಒಂದು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ನಿಲ್ಲಿಸಿದ ಕಲ್ಲು ಅದು. ಯಾರ ನಾಯಿ, ಅದರ ಹೆಸರೇನು, ಅದರ ಕೆಲಸವೇನು ಎಂಬ ಮೂರು ಪ್ರಶ್ನೆಗಳಿಗೂ ಆ ಕಲ್ಲಿನಲ್ಲಿ ಉತ್ತರವಿದೆ. ಇಂದು ನಮ್ಮ ನಗರದ ಸಾಕುನಾಯಿಗಳಿಗೆ ಹೆಸರೇನೋ ಉಂಟು. ಉಳಿದ ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರ ದೊರೆಯುವುದು ಕಷ್ಟ. ಮಾಡಲು ಅದಕ್ಕೆ ಕೆಲಸವಿಲ್ಲ. ಅದರಿಂದ ಕೇಡಾದ ದಿನ, ಅದು ಯಾರದೆಂದು ಹೇಳಿಕೊಳ್ಳಲು ಯಜಮಾನನೂ ಮುಂದೆ ಬರುವುದಿಲ್ಲ. ಈ ದಿನದ ನನ್ನ ಮಾತು ಈ ವಿಷಯವನ್ನು ಕುರಿತದ್ದು.

ಬೆಂಗಳೂರಿನ ಪೂರ್ವದಲ್ಲಿರುವ ಬ್ರೂಕ್‌ಫೀಲ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕುಂದಲಹಳ್ಳಿಯ ಸುತ್ತಿನ ಆ ಪ್ರದೇಶವು ಒಂದು ಕಾಲಕ್ಕೆ ಹೊಲಗದ್ದೆಗಳ ಸೀಮೆ. ಅಂಥ ಹಳ್ಳಿಗಳಲ್ಲಿ ನಾಯಿಗೆ ಕಾಯಲು ಕಣವಿತ್ತು, ಓಡಲು ಬಯಲಿತ್ತು. ರಾತ್ರಿ ಅದು ಬೊಗಳಿದರೆ ಯಾರೋ ಬಂದರೆಂದು ಊರು ಎಚ್ಚೆತ್ತುಕೊಳ್ಳುತ್ತಿತ್ತು. ಬೊಗಳುವುದೇ ಅದರ ಸೇವೆಯಾಗಿತ್ತು. ಈಗ ಅಲ್ಲಿ ಗಣಕಯಂತ್ರದ ಉದ್ಯಮದ ಕಚೇರಿಗಳೂ, ಹತ್ತಾರು ಮಹಡಿಗಳ ವಸತಿಗೃಹಗಳೂ ಎದ್ದಿವೆ. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಕುಂದಲಹಳ್ಳಿಯ ಮೇಲೆ ಹಾದು ವೈಟ್‌ಫೀಲ್ಡನ್ನು ಮುಟ್ಟಿತು. ಮನುಷ್ಯರ ಬಾಳು ಇಷ್ಟು ಬದಲಾಯಿತು; ನಾಯಿಯ ಸ್ವಭಾವ ಮಾತ್ರ ಬದಲಾಗಲಿಲ್ಲ. ಕಣ ಕಾಯುತ್ತಿದ್ದ ಜಾತಿಯ ಪ್ರಾಣಿಯು ಈಗ ಮೂರು ಕೋಣೆಗಳ ಫ್ಲ್ಯಾಟಿನಲ್ಲಿದೆ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಹಿಂತಿರುಗುವುದು ಕತ್ತಲಾದ ಮೇಲೆ. ಅಷ್ಟು ಹೊತ್ತೂ ಅದು ಒಂಟಿ. ಗೋಡೆಯ ಆಚೆಗೆ, ದೂರದೇಶದ ವೇಳೆಗೆ ಹೊಂದಿಕೊಂಡು ರಾತ್ರಿಯೆಲ್ಲ ದುಡಿದು ಹಗಲು ಮಲಗಿದವರೊಬ್ಬರು ಇರುತ್ತಾರೆ. ಹಾಲುಗೂಸಿನ ತಾಯಿ ಇರುತ್ತಾಳೆ. ಹಳ್ಳಿಯಲ್ಲಿ ಸೇವೆಯಾಗಿದ್ದ ಅದೇ ಬೊಗಳುವಿಕೆ ಇಲ್ಲಿ ಪೀಡೆಯಾಗುತ್ತದೆ.

ಹಾಗಾದರೆ ತಪ್ಪು ಯಾರದು? ನಾಯಿಯದಲ್ಲ. ಬಯಲೂ ಕೆಲಸವೂ ಜೊತೆಯೂ ತಾವಾಗಿ ಒದಗುತ್ತಿದ್ದಲ್ಲಿಂದ ಅದನ್ನು ತಂದು, ಒಂದೂ ಇಲ್ಲದ ಕಡೆ ಇರಿಸಿದವನು ಯಜಮಾನ. ಊರು ಒದಗಿಸುತ್ತಿದ್ದುದನ್ನೆಲ್ಲ ಇಲ್ಲಿ ಅವನೊಬ್ಬನೇ ಒದಗಿಸಬೇಕು. ಅವನು ಒದಗಿಸದೆ ಹೋದರೆ ಆ ಸಾಲವನ್ನು ನೆರೆಮನೆಯವರು ನಿದ್ದೆಗೆಟ್ಟು ತೀರಿಸುತ್ತಾರೆ. ನಾಯಿ ಬೇಕೆಂದು ಬಯಸಿದವನು ಯಜಮಾನ. ನೆರೆಯವರನ್ನು ಆ ವಿಷಯದಲ್ಲಿ ಯಾರೂ ಕೇಳಿರಲಿಲ್ಲ. ಆದಕಾರಣ ಕಷ್ಟವನ್ನು ಹೊರತಕ್ಕವನೂ ಅವನೇ ಎಂಬುದು ನ್ಯಾಯ.

ನಾಯಿ ಏಕೆ ಪೀಡೆ ಕೊಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಬಹುಮಟ್ಟಿಗೆ ಕಾರಣಗಳು ಮೂರು: ಬೇಸರ, ಭಯ, ಅಭ್ಯಾಸವಿಲ್ಲದಿರುವುದು. ನಡೆದಾಡಿ ದಣಿಯದ ನಾಯಿ ಬೇಸರದಿಂದ ಬೊಗಳುತ್ತದೆ, ಬಾಗಿಲನ್ನು ಕೆರೆಯುತ್ತದೆ. ಮನುಷ್ಯನ ಕಿವಿಗೆ ಕೇಳದ ಸೂಕ್ಷ್ಮ ಶಬ್ದಗಳೂ ಅದಕ್ಕೆ ಕೇಳಿಸುವುದರಿಂದ, ಮೆಟ್ಟಿಲಿನ ಮೇಲಣ ಪ್ರತಿಯೊಂದು ಹೆಜ್ಜೆಗೂ ಅದು ಬೆದರುತ್ತದೆ. ಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಅದಕ್ಕೆ ಮಕ್ಕಳು, ಮುದುಕರು, ವಾಹನಗಳು, ಬೇರೆ ನಾಯಿಗಳು ಇವುಗಳ ಪರಿಚಯವನ್ನು ಮೆಲ್ಲಗೆ ಮಾಡಿಸಿದರೆ ಮುಂದೆ ಅಷ್ಟಾಗಿ ಹೆದರುವುದಿಲ್ಲ. ಆ ಕಾಲ ಕಳೆದ ನಾಯಿಗೂ ಕಲಿಸಬಹುದು. ತಾಳ್ಮೆ ಮಾತ್ರ ಹೆಚ್ಚು ಬೇಕು. ಹೊಡೆದು ಕಲಿಸಲು ಹೋಗಬಾರದು. ಹೊಡೆತದಿಂದ ಭಯವು ಹೆಚ್ಚುತ್ತದೆ. ಭಯಗೊಂಡ ನಾಯಿಯೇ ಕಚ್ಚುವ ನಾಯಿ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಮಗುವನ್ನು ಅದರ ಬಳಿಗೆ ಬಿಡುವುದೂ ಅವಿವೇಕವೇ. ಬೊಗಳಿಯೂ ಕಚ್ಚುವ ನಾಯಿಗಳುಂಟು. ಬೊಗಳದೆ ಕಚ್ಚುವುವೂ ಉಂಟು.

ಇನ್ನು ಮಾಡತಕ್ಕ ಕೆಲಸಗಳು. ಮೊದಲನೆಯದು ನಡಿಗೆ. ಕಚೇರಿಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಒಮ್ಮೆ ನಾಯಿಯನ್ನು ಚೆನ್ನಾಗಿ ನಡೆಯಿಸಬೇಕು. ಮನೆಯಲ್ಲಿ ಹಗಲು ಯಾರೂ ಇಲ್ಲವಾದರೆ ನಡುವೆ ಒಮ್ಮೆ ಬಂದು ನೋಡುವವರನ್ನು ಗೊತ್ತುಮಾಡಬೇಕು. ತಳಿಯನ್ನು ಆರಿಸುವಾಗಲೇ ಈ ವಿಚಾರವಿರಲಿ. ನಮ್ಮ ಮುಧೋಳದ ನಾಯಿ ಮೊಲವನ್ನು ಕಣ್ಣಿನಿಂದ ಕಂಡು ಅಟ್ಟಿ ಹಿಡಿಯುವ ತಳಿ. ನಾಡಿಗೆ ಹೆಮ್ಮೆಯ ಪ್ರಾಣಿ. ಆದರೆ ಓಡಲು ಬಯಲಿಲ್ಲದವರು ಹೆಮ್ಮೆಗಾಗಿ ಅದನ್ನು ತಂದು ಬಾಲ್ಕನಿಯಲ್ಲಿ ಕಟ್ಟುವುದು ಆ ತಳಿಗೆ ಮಾಡುವ ಅಪಚಾರ.

ಎರಡನೆಯದು ಹಿಡಿತ. ಮನೆಯ ಹೊಸಿಲನ್ನು ದಾಟಿದ ನಾಯಿಯ ಕೊರಳಪಟ್ಟಿಗೆ ಹಗ್ಗವಿರಬೇಕು. ಹಗ್ಗವು ಅದನ್ನು ತಡೆಯುವಷ್ಟು ಶಕ್ತಿಯುಳ್ಳ ದೊಡ್ಡವರ ಕೈಯಲ್ಲಿರಬೇಕು. "ನಮ್ಮ ನಾಯಿ ಯಾರಿಗೂ ಏನೂ ಮಾಡುವುದಿಲ್ಲ" ಎಂಬುದು ಯಜಮಾನನಿಗೆ ಗೊತ್ತಿರಬಹುದು. ಲಿಫ್ಟಿನ ಬಾಗಿಲು ತೆರೆದೊಡನೆ ಅದರೆದುರು ನಿಲ್ಲುವ ಐದು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ. ಅಂಥಲ್ಲಿ ಒಂದು ಲಿಫ್ಟನ್ನು ಬಿಟ್ಟು ಮುಂದಿನದನ್ನು ಕಾಯುವುದು ನಾಯಿಯವರಿಗೆ ಭೂಷಣ. ಹಿಂದೆ ಯಾರನ್ನಾದರೂ ಕಚ್ಚಿದ ನಾಯಿಗೆ, ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವಂಥ ಕುಕ್ಕೆಯನ್ನು ಹಾಕಿಯೇ ಹೊರಗೆ ತರಬೇಕು. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡುವಷ್ಟು ಎಡೆಯಿರಬೇಕು.

ಮೂರನೆಯದು ಶುಚಿ. ಬೀದಿಯಲ್ಲಿ ನಾಯಿ ಮಾಡಿದ ಮಲವನ್ನು ಯಜಮಾನನೇ ಎತ್ತಿ ವಿಲೇವಾರಿ ಮಾಡಬೇಕು. ಇದು ಬರಿಯ ಮರ್ಯಾದೆಯ ಮಾತಲ್ಲ. ನಾಯಿಯ ಕರುಳಿನ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಉಳಿದು, ಆಡುವ ಮಕ್ಕಳ ಕೈಯಿಂದ ಹೊಟ್ಟೆಯನ್ನು ಸೇರುತ್ತವೆ.

ನಾಲ್ಕನೆಯದು ಲಸಿಕೆ. ಇದರಲ್ಲಿ ಸೋಮಾರಿತನವೆಂದರೆ ಪ್ರಾಣದೊಡನೆ ಆಟ. 1885ರಲ್ಲಿ ಪಾಶ್ಚರ್ ಮಹಾಶಯನು ಹುಚ್ಚುನಾಯಿ ಕಡಿದ ಬಾಲಕನೊಬ್ಬನನ್ನು ಲಸಿಕೆಯಿಂದ ಉಳಿಸಿದನು. ನಮ್ಮ ಪಕ್ಕದ ಕೂನೂರಿನಲ್ಲಿ 1907ರಲ್ಲಿಯೇ ಅವನ ಹೆಸರಿನ ಸಂಸ್ಥೆ ಸ್ಥಾಪಿತವಾಯಿತು. ಇಷ್ಟಾದರೂ ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ರೋಗಿಯು ಬದುಕುವುದು ಇಂದಿಗೂ ಇಲ್ಲವೆಂಬಷ್ಟು ಅಪರೂಪ. ಮರಿಗೆ ಮೂರು ತಿಂಗಳಾದಾಗ ಲಸಿಕೆಯನ್ನು ಹಾಕಿಸಿ, ಅನಂತರ ಪಶುವೈದ್ಯರು ಹೇಳಿದ ಕ್ರಮದಲ್ಲಿ ತಪ್ಪದೆ ಮುಂದುವರಿಸಬೇಕು. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಗಳೆಂಬ ಹಿಂದಿನ ಭಯ ಈಗ ಬೇಡ. ತೋಳಿಗೆ ಕೊಡುವ ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನವೂ, ಅಲ್ಲಿಂದ 3, 7, 14, 28ನೆಯ ದಿನಗಳಲ್ಲಿಯೂ ಹಾಕುತ್ತಾರೆ. ಗಾಯದಿಂದ ರಕ್ತ ಬಂದಿದ್ದರೆ, ಗಾಯಕ್ಕೆ ನೇರವಾಗಿ ಕೊಡುವ ಬೇರೊಂದು ಔಷಧಿಯೂ ಅವಶ್ಯಕ. ಕಚ್ಚಿದ ಸಾಕುನಾಯಿಯ ಯಜಮಾನನು ಲಸಿಕೆಯ ಪತ್ರವನ್ನು ತಾನಾಗಿಯೇ ತೋರಿಸಿ, ಹತ್ತು ದಿನ ನಾಯಿಯನ್ನು ಮನೆಯಲ್ಲಿ ಕಟ್ಟಿ ಗಮನಿಸಬೇಕು. ಬಾಗಿಲು ಹಾಕಿಕೊಂಡು ಕುಳಿತುಕೊಳ್ಳುವುದು ಅಪರಾಧಕ್ಕೆ ಸಮಾನ.

ಕಾನೂನು ಏನನ್ನುತ್ತದೆ? ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಮತ್ತೊಂದು ಕಡೆಯಿಂದ, ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ 1960ರ ಕಾನೂನು ನಾಯಿಯ ಪರವಾಗಿಯೂ ಮಾತಾಡುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ, ಸಕಾರಣವಿಲ್ಲದೆ ಸಾಕುಪ್ರಾಣಿಯನ್ನು ಬೀದಿಪಾಲು ಮಾಡುವುದೂ ಅದರಲ್ಲಿ ಕ್ರೌರ್ಯವೆನಿಸಿವೆ. ನಡಿಗೆಯೆಂಬುದು ಯಜಮಾನನ ಅನುಕೂಲದ ವಿಷಯವಲ್ಲ, ಕಾನೂನಿನ ಕಟ್ಟಳೆಯೆಂಬುದನ್ನು ಬಹುಮಂದಿ ಅರಿಯರು.

2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು 23 ತಳಿಯ ನಾಯಿಗಳನ್ನು ಕ್ರೂರವೆಂದು ಗಣಿಸಿ ನಿಷೇಧಿಸಲು ಒಂದು ಸುತ್ತೋಲೆಯನ್ನು ಹೊರಡಿಸಿತ್ತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಅದೇ ಏಪ್ರಿಲಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ಇದರಿಂದ ತಳಿಗಳೆಲ್ಲವೂ ನಿರಪಾಯವೆಂದು ಯಾರೂ ತಿಳಿಯಬಾರದು. ತಳಿಯನ್ನು ಸರ್ಕಾರ ನಿಷೇಧಿಸಲಿ ಬಿಡಲಿ, ಹಗ್ಗದ ಇನ್ನೊಂದು ತುದಿಯಲ್ಲಿರುವವನ ಹೊಣೆ ಹಾಗೆಯೇ ಉಳಿಯುತ್ತದೆ.

ಬೀದಿನಾಯಿಗಳ ಮಾತನ್ನೂ ಇಲ್ಲಿ ಆಡಬೇಕಾಗಿದೆ. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2 ಲಕ್ಷ 79 ಸಾವಿರವೆಂದು ಎಣಿಕೆಯಾಯಿತು. ಸಾಕಲಾರದೆ ರಾತ್ರೋರಾತ್ರಿ ದೂರಕ್ಕೆ ಒಯ್ದು ಬಿಟ್ಟ ಸಾಕುನಾಯಿಯೂ ಈ ಗುಂಪನ್ನು ಸೇರುತ್ತದೆ. ಬೀದಿಯ ಬಾಳನ್ನು ಅರಿಯದ ಅದು ಬಹುಬೇಗ ಸಾಯುತ್ತದೆ, ಇಲ್ಲವೆ ಹೆದರಿ ಕಚ್ಚುತ್ತದೆ. ದಯೆಯಿಂದ ಬೀದಿನಾಯಿಗೆ ಅನ್ನವಿಕ್ಕುವವರೂ ಒಂದು ಬಗೆಯ ಯಜಮಾನರೇ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಅನ್ನವಿಡುವ ಜಾಗವು ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಕಟ್ಟಡದ ಬಾಗಿಲು ಇವುಗಳಿಂದ ದೂರವಿರಬೇಕೆಂದು ವಿಧಿಸಿವೆ. ಅನ್ನವಿಕ್ಕುವವರು ಆ ನಾಯಿಗಳಿಗೆ ಲಸಿಕೆಯೂ ಸಂತಾನಹರಣ ಚಿಕಿತ್ಸೆಯೂ ಆಗುವಂತೆ ನಗರಪಾಲಿಕೆಯವರಿಗೆ ನೆರವಾದರೆ ದಯೆ ಪೂರ್ತಿಯಾಗುತ್ತದೆ.

ಕಡೆಯದಾಗಿ ನೆರೆಯವರಿಗೆ ಎರಡು ಮಾತು. ಕಲ್ಲೆಸೆಯುವುದು, ವಿಷವಿಡುವುದು ಪಾಪವೂ ಹೌದು, ಅಪರಾಧವೂ ಹೌದು. ಯಾವ ಹೊತ್ತಿನಲ್ಲಿ ಎಷ್ಟು ಕಾಲ ಬೊಗಳಿತೆಂದು ಒಂದು ವಾರ ಬರೆದಿಟ್ಟು, ಮೊದಲು ಆ ಮನೆಯವರೊಡನೆ ಸಮಾಧಾನದಿಂದ ಮಾತನಾಡಿರಿ. ತಾವು ಮನೆಯಲ್ಲಿಲ್ಲದಾಗ ತಮ್ಮ ನಾಯಿ ಬೊಗಳುವುದು ಎಷ್ಟೋ ಜನರಿಗೆ ತಿಳಿದೇ ಇರುವುದಿಲ್ಲ. ಅದರಿಂದ ಆಗದಿದ್ದರೆ ನಿವಾಸಿಗಳ ಸಂಘ. ಅಲ್ಲಿಯೂ ಆಗದಿದ್ದರೆ ನಗರಪಾಲಿಕೆ ಮತ್ತು ಪೊಲೀಸರು. ಸಂಘದವರೂ ನಾಯಿಯೇ ಬೇಡವೆಂಬ ಹಟಕ್ಕೆ ಬೀಳದೆ, ಹಗ್ಗ, ಶುಚಿ, ಲಸಿಕೆ, ಲೈಸೆನ್ಸು ಈ ನಾಲ್ಕನ್ನು ಎಲ್ಲರಿಂದಲೂ ಸಮನಾಗಿ ನಡೆಸಲಿ.

ಮಣಲೇರನು ತನ್ನ ನಾಯಿಗೆ ಕಲ್ಲು ನೆಡಿಸಿದನು. ನಮ್ಮಿಂದ ನಮ್ಮ ನಾಯಿಗೆ ಅಷ್ಟು ದೊಡ್ಡ ಗೌರವ ಆಗಬೇಕಾಗಿಲ್ಲ. ಯಾರ ನಾಯಿ ಎಂದು ಬೀದಿಯಲ್ಲಿ ಯಾರಾದರೂ ಕೇಳಿದಾಗ, ತಲೆ ತಗ್ಗಿಸದೆ ನನ್ನದು ಎನ್ನುವಂತೆ ಅದನ್ನು ಸಾಕಿದರೆ ಸಾಕು.