ನೀರುಗಂಟಿಯ ಪಾಳಿ, ಕಾಲೇಜಿನ ಮೆಟ್ಟಿಲು

(ವಿದ್ಯಾರ್ಥಿ ನಿಲಯದ ವಾರ್ಷಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣಕಾರನಲ್ಲ. ಕಾಲುವೆ, ತೂಬು, ಅಂದಾಜುಪಟ್ಟಿಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆ ಮಾಡಿ ನಿವೃತ್ತನಾದ ಒಬ್ಬ ಇಂಜಿನಿಯರ್. ಹೋದ ತಿಂಗಳು ನಿಮ್ಮಂಥ ಒಬ್ಬ ಹುಡುಗ ನಮ್ಮ ಮನೆಗೆ ಬಂದಿದ್ದ. ಬಿಸಿಎ ಎರಡನೆಯ ವರ್ಷ. "ಸರ್, ಕಾಲೇಜು ಬಿಡಬೇಕಂತ ಮಾಡೀನಿ. ವಿಂಡೋಸ್ ಬರ್ತದ, ಲಿನಕ್ಸ್ ಬರ್ತದ, ಎಲ್ಲಾ ಮೊಬೈಲ್‌ನಾಗ ನೋಡಿ ಕಲ್ತೀನಿ. ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ಅವ್ರೂ ಕಾಲೇಜು ಬಿಟ್ಟವ್ರೇ ಅಲ್ಲೇನು?" ಅಂದ. ಅಂದು ಅವನಿಗೆ ನೆಟ್ಟಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಕಾರಣ ನನ್ನಲ್ಲೇ ಇತ್ತು, ಅದನ್ನು ಕೊನೆಗೆ ಹೇಳುತ್ತೇನೆ. ಉತ್ತರ ಕೊಡುವುದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ಮೊದಲು ಆಪರೇಟಿಂಗ್ ಸಿಸ್ಟಮ್ ಅಂದರೇನು ನೋಡೋಣ. ಸಭೆಯಲ್ಲಿ ರೈತರಿದ್ದೀರಿ, ನಿಮಗೆ ಇದು ಬೇಗ ತಿಳಿಯುತ್ತದೆ. ಕೆರೆಯಲ್ಲಿ ನೀರಿದೆ, ಕೆಳಗೆ ನೂರಾರು ಹೊಲಗಳಿವೆ. ಎಲ್ಲರಿಗೂ ನೀರು ಬೇಕು, ತೂಬು ಮಾತ್ರ ಒಂದು. ಯಾವ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಕಂಪ್ಯೂಟರಿನಲ್ಲಿ ಪ್ರೊಸೆಸರಿನ ಸಮಯವೇ ನೀರು. ನಾವು ತೆರೆಯುವ ಪತ್ರ, ಲೆಕ್ಕದ ಹಾಳೆ, ಹಾಡು ಇವೆಲ್ಲ ಹೊಲಗಳು. ಆಪರೇಟಿಂಗ್ ಸಿಸ್ಟಮ್ಮೇ ನೀರುಗಂಟಿ.

ನಾನು ಮೊದಲು ಕಂಡದ್ದು ಡಾಸ್. ಅದು ಒಂದು ಸಲಕ್ಕೆ ಒಂದೇ ಹೊಲಕ್ಕೆ ನೀರು ಬಿಡುತ್ತಿತ್ತು. ಆ ಹೊಲದ ಕೆಲಸ ಮುಗಿಯುವವರೆಗೆ ಉಳಿದವರು ಕಾಯಬೇಕು. 1992ರಲ್ಲಿ ವಿಂಡೋಸ್ 3.1 ಬಂತು. ಹಲವು ಹೊಲಗಳಿಗೆ ಪಾಳಿಯ ಮೇಲೆ ನೀರು ಸಿಗತೊಡಗಿತು. ಆದರೆ ಪಾಳಿ ಮುಗಿದ ಮೇಲೆ ಮಡೆ ಮುಚ್ಚುವ ಜವಾಬ್ದಾರಿಯನ್ನು ರೈತನ ಒಳ್ಳೆಯತನಕ್ಕೇ ಬಿಟ್ಟಿದ್ದರು. ಒಬ್ಬ ಮುಚ್ಚದೆ ಹೋದರೆ ಬಾಲಭಾಗದವರೆಲ್ಲ ಒಣಗಬೇಕು. ಪರದೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತಿತ್ತಲ್ಲ, ಅದಕ್ಕೆ ಇದೂ ಒಂದು ಮುಖ್ಯ ಕಾರಣ. ಆ ಕಾಲದ ಆಪಲ್ ಮ್ಯಾಕ್‌ನಲ್ಲೂ ಇದೇ ಪದ್ಧತಿ ಇತ್ತು.

ಯುನಿಕ್ಸ್ ಹಾಗಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು ಅದನ್ನು ಶುರುಮಾಡಿದರು. ಅಲ್ಲಿ ನೀರುಗಂಟಿಯೇ ಗಡಿಯಾರ ನೋಡಿ, ಸೆಕೆಂಡಿನ ಒಂದು ಸಣ್ಣ ಪಾಲು ಮುಗಿಯುತ್ತಿದ್ದಂತೆ ಮಡೆ ಮುಚ್ಚಿ ಮುಂದಿನವರಿಗೆ ತೆರೆಯುತ್ತಾನೆ. ಹೊಲ ಹೊಲದ ನಡುವೆ ಗಟ್ಟಿ ಬದುವೂ ಉಂಟು, ಒಬ್ಬರ ತಪ್ಪು ಇನ್ನೊಬ್ಬರ ಬೆಳೆಗೆ ನುಗ್ಗುವುದಿಲ್ಲ. 1993ರ ವಿಂಡೋಸ್ ಎನ್‌ಟಿ, 2001ರ ಮ್ಯಾಕ್ ಓಎಸ್ ಟೆನ್ ಇದೇ ದಾರಿಗೆ ಬಂದವು. ಹಾಗಾಗಿ ಕೆಲಸದ ಮಟ್ಟಿಗೆ ಇಂದು ಮೂರಕ್ಕೂ ಅಂಥ ದೊಡ್ಡ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಒಡೆತನದಲ್ಲಿ. ವಿಂಡೋಸ್, ಮ್ಯಾಕ್ ಬಾಡಿಗೆ ಮನೆಯಂತೆ. ವಾಸಕ್ಕೆ ಅನುಕೂಲ, ಆದರೆ ಗೋಡೆ ಒಡೆದು ನೋಡುವಂತಿಲ್ಲ. ಲಿನಕ್ಸ್‌ನಲ್ಲಿ ಮನೆಯ ಜೊತೆಗೆ ನಕ್ಷೆಯನ್ನೂ ಕೊಡುತ್ತಾರೆ. ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯವೂ ಲಿನಕ್ಸೇ.

ಇಲ್ಲಿ ಒಂದು ಪ್ರಶ್ನೆ. ನಕ್ಷೆಯನ್ನು ಪುಕ್ಕಟೆ ಕೊಟ್ಟರು, ಸರಿ. ಓದಲು ಯಾರಿಗೆ ಬರುತ್ತದೆ? ಲಕ್ಷಾಂತರ ಸಾಲುಗಳು ಎಲ್ಲರ ಮುಂದೆ ತೆರೆದಿವೆ. ಆದರೆ ತೆರೆದ ಬಾಗಿಲೊಳಗೆ ಹೋಗಲೂ ಕಾಲಿಗೆ ಬಲ ಬೇಕು. ಆ ಬಲ ಎಲ್ಲಿಂದ ಬಂತು ಎಂಬುದಕ್ಕೆ ಲಿನಕ್ಸ್ ಮಾಡಿದವರ ಕಥೆಯನ್ನೇ ನೋಡಿ.

ಹಾಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಟೆನೆನ್‌ಬಾಮ್ ಎಂಬ ಪ್ರಾಧ್ಯಾಪಕರಿದ್ದರು. ವಿದ್ಯಾರ್ಥಿಗಳಿಗೆ ಪಾಠ ಹೇಳಲಿಕ್ಕೆಂದೇ ಮಿನಿಕ್ಸ್ ಎಂಬ ಸಣ್ಣ ಆಪರೇಟಿಂಗ್ ಸಿಸ್ಟಮ್ ಬರೆದು, 1987ರಲ್ಲಿ ಅದರ ವಿವರಣೆಯ ಪಠ್ಯಪುಸ್ತಕವನ್ನೂ ಹೊರತಂದರು. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆ ಪುಸ್ತಕ ಓದಿದ. 1991ರ ಆಗಸ್ಟಿನಲ್ಲಿ ತನ್ನದೇ ಒಂದು ಸಿಸ್ಟಮ್ ಬರೆಯುತ್ತಿದ್ದೇನೆಂದು ಲೋಕಕ್ಕೆ ಹೇಳಿದಾಗ ಅವನಿಗೆ 21 ವರ್ಷ. ಹೆಸರು ಬಂದ ಮೇಲೂ ಅವನು ಕಾಲೇಜು ಬಿಡಲಿಲ್ಲ. ತಡವಾದರೂ ಲಿನಕ್ಸ್ ಕುರಿತೇ ಪ್ರಬಂಧ ಬರೆದು ಸ್ನಾತಕೋತ್ತರ ಪದವಿ ಮುಗಿಸಿದ.

ಇನ್ನು ಬಿಲ್ ಗೇಟ್ಸ್. ಅವರು ಕಾಲೇಜು ಬಿಟ್ಟದ್ದು ನಿಜ. ಆದರೆ ಬಿಟ್ಟದ್ದು ಹಾರ್ವರ್ಡನ್ನು. 1968ರಲ್ಲೇ ಅವರ ಶಾಲೆಯಲ್ಲಿ ಕಂಪ್ಯೂಟರಿಗೆ ಜೋಡಿಸಿದ ಯಂತ್ರವಿತ್ತು. ನಾನು ಇಂಜಿನಿಯರಿಂಗ್ ಓದುವಾಗ ಫೋರ್ಟ್ರಾನ್ ಭಾಷೆಯನ್ನು ಕಪ್ಪು ಹಲಗೆಯ ಮೇಲೆ ಕಲಿತೆ, ಯಂತ್ರದ ಮುಖ ನೋಡದೆ ಪರೀಕ್ಷೆ ಪಾಸಾದೆ. ಇಷ್ಟೇ ಅಲ್ಲ, ಗೇಟ್ಸ್ ಅವರ ಕಂಪನಿಗೆ ದಾರಿ ಮಾಡಿಕೊಟ್ಟ ಡಾಸ್‌ನ ಮೂಲವನ್ನು ಬರೆದವರು ಟಿಮ್ ಪ್ಯಾಟರ್ಸನ್. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರು. ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಸ್ಟೀವ್ ಜಾಬ್ಸ್ ಅವರ ಇಂದಿನ ಮ್ಯಾಕ್‌ನ ಒಳಗಿರುವುದರಲ್ಲಿ ಒಂದು ಭಾಗ ಬರ್ಕ್ಲಿಯಲ್ಲಿ, ಇನ್ನೊಂದು ಕಾರ್ನೆಗಿ ಮೆಲನ್‌ನಲ್ಲಿ ಹುಟ್ಟಿದ್ದು. ಎರಡೂ ವಿಶ್ವವಿದ್ಯಾಲಯಗಳೇ. ಕಾಲೇಜು ಬಿಟ್ಟವರು ಕಟ್ಟಿದ ಮನೆಗೂ ಕಾಲೇಜಿನ ಕಲ್ಲೇ ಬುನಾದಿ.

ಹಾಗಂತ ಪದವಿ ಪತ್ರ ಇದ್ದವರೆಲ್ಲ ಬಲ್ಲವರು ಎಂದು ನಾನು ಹೇಳುವುದಿಲ್ಲ. ಅದಕ್ಕೆ ನಾನೇ ಸಾಕ್ಷಿ. ಈಗ ನನ್ನ ಮಾತಿಗೆ ಬರುತ್ತೇನೆ.

1996ರ ಸುಮಾರಿಗೆ ನಾನಿದ್ದ ಕಚೇರಿಯಲ್ಲಿ ದಿನಗೂಲಿಯ ಮೇಲೆ ಒಬ್ಬ ಕಂಪ್ಯೂಟರ್ ಆಪರೇಟರ್ ಇದ್ದ. ಪಿಯುಸಿ ಮುಗಿಸಿದ್ದ ಹುಡುಗ. ಕಾಲುವೆ ನೀರಿನ ದಿನದ ಲೆಕ್ಕವೆಲ್ಲ ಅವನ ಕೈಯಲ್ಲಿ. ಯಂತ್ರ ನಿಂತರೆ ನಾವು ಇಂಜಿನಿಯರುಗಳು ಸುತ್ತ ನಿಂತು ನೋಡುತ್ತಿದ್ದೆವು, ಅವನು ಬಂದು ಎರಡು ಗುಂಡಿ ಒತ್ತಿ ಸರಿಮಾಡುತ್ತಿದ್ದ. "ಪ್ರಿಂಟ್ ಹೊಂಟಾಗ ಇನ್ನೊಂದು ತೆರೀಬ್ಯಾಡ್ರಿ ಸರ್" ಅನ್ನುತ್ತಿದ್ದ. ಯಾಕೆ ಎಂದು ಕೇಳಿದೆ. "ಯಾಕ ಅನ್ನೋದು ಗೊತ್ತಿಲ್ರಿ. ಹಿಂಗ ಮಾಡಿದ್ರ ನಡೀತದ" ಅಂದ. ನನಗೂ ಗೊತ್ತಿರಲಿಲ್ಲ. ಈ ಮಡೆಯ ಲೆಕ್ಕವನ್ನು ನಾನು ಪುಸ್ತಕ ಹಿಡಿದು ತಿಳಿದುಕೊಂಡದ್ದು ಎಷ್ಟೋ ವರ್ಷದ ಮೇಲೆ.

ಆ ಯಾಕೆ ಎಂಬುದು ಅವನನ್ನು ಕಾಡುತ್ತಿತ್ತು. ಒಂದು ದಿನ ಬಂದು, ಊರಿನ ಸಂಜೆ ಕಾಲೇಜಿಗೆ ಸೇರಬೇಕು, ಐದು ಗಂಟೆಗೆ ಬಿಡಬೇಕು ಎಂದು ಕೇಳಿದ. ನಾನು ನಕ್ಕು, "ನಿನಗ್ಯಾಕೋ ಕಾಲೇಜು? ನಮಗಿಂತ ಹೆಚ್ಚು ಬಲ್ಲೆ" ಅಂದೆ. ಅವನು ಅದನ್ನು ಹೊಗಳಿಕೆ ಅಂದುಕೊಂಡ. ನಿಜ ಏನೆಂದರೆ, ಸಂಜೆ ಮೇಲಧಿಕಾರಿಗಳಿಗೆ ವರದಿ ಕಳಿಸಲು ನನಗೆ ಅವನು ಬೇಕಾಗಿತ್ತು. ಅವನು ಸೇರಲಿಲ್ಲ.

ಮುಂದೆ ವಿಂಡೋಸ್ ಬದಲಾಯಿತು, ಅವನು ಬಲ್ಲ ಗುಂಡಿಗಳೂ ಬದಲಾದವು. ಕಾಯಂ ಹುದ್ದೆ ಬಂದಾಗ ಪದವಿ ಕೇಳಿದರು. ಅವನು ಮನೆಗೆ ಹೋದ. ನಾನು ಬಡ್ತಿ ಪಡೆದು ಬೇರೆ ಊರಿಗೆ ಹೋದೆ. ಕೆಲವು ವರ್ಷಗಳ ಹಿಂದೆ ಆ ಊರಿಗೆ ಹೋದಾಗ ಬಸ್ ನಿಲ್ದಾಣದ ಹತ್ತಿರ ಅವನ ಜೆರಾಕ್ಸ್ ಅಂಗಡಿ ಕಂಡಿತು. ಮಗಳನ್ನು ಇಂಜಿನಿಯರಿಂಗಿಗೆ ಸೇರಿಸಿದ್ದಾನೆ. ನನ್ನ ಕಾಗದಗಳ ಪ್ರತಿ ತೆಗೆದುಕೊಟ್ಟು, ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಆ ಸಂಜೆಯ ಮಾತು ಎತ್ತಿದೆ. "ಬಿಡ್ರಿ ಸರ್" ಅಂದ, ಅಷ್ಟೇ. ಹೋದ ತಿಂಗಳು ಆ ಹುಡುಗನ ಎದುರು ನನ್ನ ಬಾಯಿ ಕಟ್ಟಿದ್ದು ಇದಕ್ಕೇ.

ವಿದ್ಯಾರ್ಥಿ ಮಿತ್ರರೇ, ಹೇಗೆ ಮಾಡಬೇಕು ಎಂಬುದನ್ನು ಎಲ್ಲಿ ಬೇಕಾದರೂ ಕಲಿಯಬಹುದು, ಅದನ್ನು ಕೀಳೆಂದು ಎಣಿಸಬೇಡಿ. ಆದರೆ ಗುಂಡಿಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಪಾಳಿ, ಬದು, ತೂಬಿನ ತತ್ವ 1969ರಿಂದ ಹಾಗೇ ಇದೆ. ಯಾಕೆ ಎಂದು ಕೇಳಲು ನಿಮಗೆ ಮೂರು ನಾಲ್ಕು ವರ್ಷ ಬಿಡುವು, ಗ್ರಂಥಾಲಯ, ಗುರುಗಳು, ಜೊತೆಗಾರರು ಸಿಗುವ ಸ್ಥಳ ಕಾಲೇಜು. ಕೇಳದಿದ್ದರೆ ಅಲ್ಲಿಯೂ ಏನೂ ಸಿಗದು, ನನಗೆ ಫೋರ್ಟ್ರಾನ್ ಸಿಕ್ಕ ಹಾಗೆ. ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿಕೊಳ್ಳಿ, ಕೆಡಿಸಿ, ಮತ್ತೆ ಹಾಕಿ. ಮರುದಿನ ತರಗತಿಯಲ್ಲಿ ಯಾಕೆ ಕೆಟ್ಟಿತೆಂದು ಕೇಳಿ. ಶುಲ್ಕದ ತೊಂದರೆಯಿಂದ ಬಿಡುವ ಯೋಚನೆ ಇದ್ದರೆ ನಾಚಿಕೆ ಬಿಟ್ಟು ಹೇಳಿ. ನಾನೂ ಇಂಥದೇ ನಿಲಯದಲ್ಲಿ ಉಂಡು ಓದಿದವನು.

ಕಡೆಯ ಮಾತು ಹಿರಿಯರಿಗೆ. ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ಗ್ಯಾರೇಜಿನಲ್ಲಿ ಚುರುಕಾದ ಹುಡುಗನೋ ಹುಡುಗಿಯೋ ಇದ್ದಾರು. ಅವರಿಲ್ಲದೆ ನಿಮ್ಮ ಕೆಲಸ ನಡೆಯದಿರಬಹುದು. ಆದರೂ ಓದುತ್ತೇನೆ ಎಂದು ಬಂದು ಕೇಳಿದರೆ, ಹೊಗಳಿ ಕೂರಿಸಬೇಡಿ. ಐದು ಗಂಟೆಗೆ ಬಿಟ್ಟು ಕಳಿಸಿ.