ಕೋವಿಯ ಮೇಲೊಂದು ದುರ್ಬೀನು

ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯಲ್ಲಿ 1932ರಿಂದ 1963ರವರೆಗೆ ನಿರ್ಮಿತವಾದ 61ನೆಯ ಮಾದರಿಯ .22 ಕೋವಿಯೊಂದನ್ನು ತಂದೆಯಿಂದ ಪಡೆದವನಿಗೆ, ಟೆಕ್ಸಾಸಿನ ಎಲ್ ಪಾಸೊದಲ್ಲಿ ವೀವರ್ ಸಂಸ್ಥೆಯವರು ತಯಾರಿಸುತ್ತಿದ್ದ, ಮುಕ್ಕಾಲು ಅಂಗುಲದ ಕೊಳವೆಯ ಹಳೆಯ ದುರ್ಬೀನೊಂದು ದೊರೆತರೆ, ಸಮಕಾಲೀನವಾದ ಈ ಎರಡನ್ನೂ ಜೋಡಿಸಬೇಕೆಂಬ ಅಭಿಲಾಷೆ ಹುಟ್ಟುವುದು ಸಹಜವೇ ಸರಿ. ಅದಕ್ಕೆ ಕಾರಣವೂ ಉಂಟು: ವಯಸ್ಸಾದ ಕಣ್ಣು ಕೋವಿಯ ಮೇಲಿನ ಹಿಂಗುರಿ, ಮುಂಗುರಿ ಮತ್ತು ದೂರದ ಲಕ್ಷ್ಯ ಈ ಮೂರನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣಲಾರದು, ದುರ್ಬೀನಿನಲ್ಲಾದರೋ ಗುರಿಗೆರೆಯೂ ಲಕ್ಷ್ಯವೂ ಒಂದೇ ಬಿಂಬದಲ್ಲಿ ಗೋಚರಿಸುತ್ತವೆ.

ಆದರೆ ಆ ಮಾದರಿಯ ಆರಂಭಕಾಲದ ಕೋವಿಗಳ ಬೆನ್ನಿನಲ್ಲಿ ದುರ್ಬೀನಿನ ಹಿಡಿಕೆಯನ್ನು ಕೂರಿಸತಕ್ಕ ತೋಡುಗಳಿಲ್ಲವಾದ್ದರಿಂದ ಉಕ್ಕನ್ನೇ ಕೊರೆಯಬೇಕಾಗುತ್ತದೆ. ಕೊರೆದ ರಂಧ್ರವನ್ನು ತಿರುಪಿನಿಂದ ಮುಚ್ಚಬಹುದೇ ಹೊರತು ಇಲ್ಲವಾಗಿಸಲಾಗದು, ಸಂಗ್ರಾಹಕರ ದೃಷ್ಟಿಯಲ್ಲಿ ಕೋವಿಯ ಮೌಲ್ಯವೂ ಕುಗ್ಗುವುದು. ಮೇಲಾಗಿ, ಆ ಕಾಲದ ಅನೇಕ ದುರ್ಬೀನುಗಳಲ್ಲಿ ಗುರಿಯನ್ನು ತಿದ್ದಿದಂತೆಲ್ಲ ಗುರಿಗೆರೆಗಳು ನೋಟದ ಮಧ್ಯವನ್ನು ಬಿಟ್ಟು ಒಂದು ಪಾರ್ಶ್ವಕ್ಕೆ ಸರಿಯುತ್ತವೆ. ಸಂಜೆಯ ಮಂದಪ್ರಕಾಶದಲ್ಲಂತೂ ಆ ಕಿರಿದಾದ ಮಸೂರಗಳು ಹೆಚ್ಚೇನೂ ನೆರವಾಗಲಾರವು. ಅಷ್ಟಕ್ಕಾಗಿ ಅಖಂಡವಾಗಿ ಉಳಿದುಬಂದ ಉಕ್ಕನ್ನು ಕೆಡಿಸುವುದು ನನಗೆ ಸರ್ವಥಾ ಸಮ್ಮತವಲ್ಲ. ಅನಂತರದ ವರ್ಷಗಳ, ತೋಡುಗಳುಳ್ಳ ಕೋವಿಯಾದರೆ ನಿಸ್ಸಂಕೋಚವಾಗಿ ಜೋಡಿಸಿರಿ. ಬೇಡವಾದ ದಿನ ಬಿಚ್ಚಿಡಬಹುದು. ತೋಡಿಲ್ಲದ್ದನ್ನು ಇದ್ದಂತೆಯೇ ಇರಗೊಟ್ಟು, ದುರ್ಬೀನಿಗೆ ಬೇರೊಂದು ಕೋವಿಯನ್ನು ಅರಸುವುದೇ ಯುಕ್ತ.