ಮನೆಯೊಳಗಿನ ಹಿಂಸೆ, ಗಡಿಯಾಚೆಯ ಆಶ್ರಯ

1951ರಲ್ಲಿ ಜಿನೀವಾದಲ್ಲಿ ಅಂಗೀಕಾರವಾದ ನಿರಾಶ್ರಿತರ ಒಪ್ಪಂದ ಆಶ್ರಯ ಕೊಡಲು ಐದು ಕಾರಣಗಳನ್ನು ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ. ಲಿಂಗ ಅಲ್ಲಿಲ್ಲ. ಅದು ಕೈತಪ್ಪಿ ಬಿಟ್ಟುಹೋದದ್ದೂ ಅಲ್ಲ. ತಾರತಮ್ಯ ಕೂಡದೆನ್ನುವ ವಿಧಿಯಲ್ಲಾದರೂ ಅದನ್ನು ಸೇರಿಸೋಣವೆಂದು ಯುಗೊಸ್ಲಾವಿಯದ ಪ್ರತಿನಿಧಿ ಸೂಚಿಸಿದಾಗ, ಹೆಣ್ಣು ಎಂಬ ಕಾರಣಕ್ಕೆ ದಮನ ನಡೆಯುವ ಪ್ರಕರಣಗಳು ಇದ್ದಾವೆಯೇ ಎಂದು ವಿಶ್ವಸಂಸ್ಥೆಯ ಆಗಿನ ನಿರಾಶ್ರಿತರ ಹೈಕಮಿಷನರ್ ಅವರೇ ಸಂಶಯಪಟ್ಟರು. ಆ ಸಭೆಯ ಕಣ್ಣ ಮುಂದಿದ್ದ ನಿರಾಶ್ರಿತ ಸರ್ಕಾರವನ್ನು ಎದುರು ಹಾಕಿಕೊಂಡ ಗಂಡಸು. ಗಂಡನಿಗೋ ಅಣ್ಣನಿಗೋ ಹೆದರಿ ಓಡಿದ ಹೆಂಗಸಿನದು ಮನೆಯ ಜಗಳವಾಯಿತು. ಈ ಪಟ್ಟಿಗೆ ಆರನೆಯ ಕಾರಣ ಸೇರಿಸಬೇಕೆಂದು ಹಲವರು ವಾದಿಸುತ್ತಾರೆ. ನನಗೆ ಅದಕ್ಕಿಂತ ತುರ್ತಾಗಿ ಕಾಣುವುದು, ಮನೆಯೊಳಗೆ ನಡೆದದ್ದು ಕಾನೂನಿನ ಹೊರಗಿನದು ಎನ್ನುವ ಈ ರೂಢಿಯನ್ನು ಕೈಬಿಡುವುದು.

ಇದಕ್ಕೆ ಬೇಕಾದ ತರ್ಕವನ್ನು ಬ್ರಿಟನ್ನಿನ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 1999ರಲ್ಲೇ ಕೊಟ್ಟಿದ್ದಾರೆ. ವ್ಯಭಿಚಾರದ ಆರೋಪ ಹೊತ್ತು ಮನೆಯಿಂದ ಹೊರಬಿದ್ದ ಇಬ್ಬರು ಪಾಕಿಸ್ತಾನಿ ಮಹಿಳೆಯರ ಪ್ರಕರಣ ಅದು. ಹಿಂತಿರುಗಿದರೆ ಒಂದು ಕಡೆ ಗಂಡಂದಿರ ಭಯ, ಇನ್ನೊಂದು ಕಡೆ ವಿವಾಹೇತರ ಸಂಬಂಧವನ್ನು ಅಪರಾಧವೆನ್ನುವ 1979ರ ಜಿನಾ ಕಾನೂನಿನ ಭಯ. ಆ ನ್ಯಾಯಮೂರ್ತಿಗಳಲ್ಲೊಬ್ಬರಾದ ಲಾರ್ಡ್ ಹಾಫ್‌ಮನ್ ನಾಜಿ ಜರ್ಮನಿಯ ಒಬ್ಬ ಯಹೂದಿ ಅಂಗಡಿಕಾರನನ್ನು ಕಲ್ಪಿಸಿಕೊಂಡರು. ಅಂಗಡಿ ಒಡೆದ ಪೈಪೋಟಿದಾರನಿಗೆ ಇದ್ದದ್ದು ವ್ಯಾಪಾರದ ಹೊಟ್ಟೆಕಿಚ್ಚೇ ಇರಬಹುದು. ಆದರೆ ಪೊಲೀಸರು ಬಾರದೆ ಹೋದದ್ದು ಅವನು ಯಹೂದಿ ಎಂಬ ಕಾರಣಕ್ಕೆ. ದಮನವೆಂದರೆ ಹೊಡೆದ ಕೈ ಮತ್ತು ಕಾಯದ ಪ್ರಭುತ್ವ, ಎರಡೂ ಸೇರಿದ್ದು. ಗಂಡನ ಸಿಟ್ಟಿಗೆ ಕಾರಣ ಏನೇ ಇರಲಿ, ಆಕೆಗೆ ರಕ್ಷಣೆ ಸಿಗದಿರುವುದು ಆಕೆ ಹೆಣ್ಣು ಎಂಬುದಕ್ಕೇ ಆದರೆ ಒಪ್ಪಂದದ ಕಾರಣ ಅಲ್ಲಿದೆ. ಪಾಕಿಸ್ತಾನದ ಮಹಿಳೆಯರು ಒಂದು ಸಾಮಾಜಿಕ ಗುಂಪು ಎಂದು ನ್ಯಾಯಾಲಯ ಒಪ್ಪಿತು.

ಹಾಗಾದರೆ ಅರ್ಧ ದೇಶವೇ ಅರ್ಜಿ ಹಿಡಿದು ಬಂದುಬಿಡುವುದಿಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕದೆ ನೋಡಬೇಕು. ಧರ್ಮ, ಜನಾಂಗಗಳೂ ಕೋಟಿಗಟ್ಟಲೆ ಜನರ ಗುರುತುಗಳೇ. ಅಲ್ಲಿ ಯಾರೂ ತಲೆ ಎಣಿಸುವುದಿಲ್ಲ. ಗುಂಪಿಗೆ ಸೇರಿದ ಮಾತ್ರಕ್ಕೆ ಆಶ್ರಯವೂ ಸಿಗದು, ಭಯಕ್ಕೆ ಆಧಾರವಿದೆಯೆಂದು ತೋರಿಸಬೇಕು. ಅಲ್ಲದೆ ಹೆಚ್ಚು ಅಪಾಯದಲ್ಲಿರುವವಳೇ ಹೊರಡಲಾರದವಳು. 2021ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದ ತಾಲಿಬಾನ್, ಹತ್ತಿರದ ಗಂಡು ಬಂಧುವಿಲ್ಲದೆ ಹೆಂಗಸು 72 ಕಿಲೋಮೀಟರ್‌ಗಿಂತ ದೂರ ಪ್ರಯಾಣಿಸಬಾರದೆಂದಿತು. ಬಸ್ಸನ್ನೇ ಹತ್ತಲಾಗದವಳು ವಿಯೆನ್ನಾ ತಲುಪುವುದು ಹೇಗೆ?

ವಿಯೆನ್ನಾದ ಮಾತು ಸುಮ್ಮನೆ ಬಂದದ್ದಲ್ಲ. ಆಸ್ಟ್ರಿಯದಿಂದ ಬಂದ ಪ್ರಶ್ನೆಯ ಮೇಲೆ ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್ 4ರಂದು, ಅಫ್ಘನ್ ಮಹಿಳೆಯ ವಿಷಯದಲ್ಲಿ ಆಕೆಯ ಲಿಂಗ ಮತ್ತು ರಾಷ್ಟ್ರೀಯತೆಯನ್ನಷ್ಟೇ ಪರಿಗಣಿಸಿದರೂ ಸಾಕು ಎಂದಿತು. ನಾನು ಈಗಷ್ಟೇ ಹೇಳಿದ ವೈಯಕ್ತಿಕ ಪರೀಕ್ಷೆಯನ್ನೇ ಇದು ಸಡಿಲಿಸಿತಲ್ಲ ಎಂದು ನೀವು ಕೇಳಬಹುದು. ಹೌದು, ಸಡಿಲಿಸಿತು, ಆದರೆ ಎಲ್ಲ ದೇಶಗಳ ಮಹಿಳೆಯರಿಗಲ್ಲ. ಪ್ರೌಢಶಾಲೆ, ವಿಶ್ವವಿದ್ಯಾಲಯ, ಬಹುಪಾಲು ಉದ್ಯೋಗಗಳ ಬಾಗಿಲು ಮುಚ್ಚಿದ ತಾಲಿಬಾನ್ ಆಜ್ಞೆಗಳು ಹೆಸರು ಹಿಡಿದು ಯಾರನ್ನೂ ಆರಿಸಲಿಲ್ಲ, ಹೆಣ್ಣುಗಳನ್ನೆಲ್ಲ ಒಟ್ಟಿಗೆ ಕಟ್ಟಿಹಾಕಿದವು. ನಿನ್ನ ಮೇಲೆ ಮಾತ್ರ ಬಿದ್ದ ಏಟು ಯಾವುದು ತೋರಿಸು ಎಂದು ಅಲ್ಲಿನವಳನ್ನು ಕೇಳುವುದು ವಿಚಾರಣೆಯೇ ಅಲ್ಲ.

ಹೀಗೆ ಆಶ್ರಯ ಕೊಡುವುದು ಪಶ್ಚಿಮದ ಮೌಲ್ಯಗಳ ಹೇರಿಕೆ ಎನ್ನುವವರಿದ್ದಾರೆ. ಅರ್ಜಿ ಹಾಕಿದವಳು ತಾನು ಬಿಟ್ಟುಬಂದ ಸಂಸ್ಕೃತಿಯದೇ ಮಗಳು ಎಂಬುದನ್ನು ಈ ವಾದ ಅನುಕೂಲಕ್ಕೆ ತಕ್ಕಂತೆ ಮರೆಯುತ್ತದೆ. ನನ್ನ ನಿಜವಾದ ಚಿಂತೆ ಬೇರೆ. ತೀರ್ಪುಗಳಲ್ಲಿ ಗೆದ್ದದ್ದು ಸಂದರ್ಶನದ ಮೇಜಿನಲ್ಲಿ ಸೋಲುತ್ತದೆ. ಗಂಡನ ಅರ್ಜಿಗೆ ಬಾಲಂಗೋಚಿಯಾಗಿ ಬಂದವಳನ್ನು ಪ್ರತ್ಯೇಕವಾಗಿ ಕೇಳದಿದ್ದರೆ ಆಕೆಯ ಕಥೆ ದಾಖಲೆಗೇ ಬರುವುದಿಲ್ಲ. ಅತ್ಯಾಚಾರವನ್ನು ಮೂರನೆಯ ವಿಚಾರಣೆಯಲ್ಲಿ ಬಾಯಿಬಿಟ್ಟರೆ, ಮೊದಲೇಕೆ ಹೇಳಲಿಲ್ಲ ಎಂದು ಅದನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ, ಕುಟುಂಬದವರಿಲ್ಲದ ಕೋಣೆ, ಇವೆಲ್ಲ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2002ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿವೆ. ಮಾರ್ಗಸೂಚಿಗೆ ಯಾವ ದೇಶವನ್ನೂ ಕಟ್ಟಿಹಾಕುವ ಬಲವಿಲ್ಲ. ಭಾರತವಂತೂ ಮೂಲ ಒಪ್ಪಂದಕ್ಕೇ ಸಹಿ ಹಾಕಿಲ್ಲ.